ಟೆರೇಸಿಗೆ ಜೇನು ಪೆಟ್ಟಿಗೆ ಬರುವ ಮುನ್ನ ಕೀಟದ ಔಷಧದ ಗುತ್ತಿಗೆ ಬದಲಾಗಲಿ

ಮಾನ್ಯ ಸಂಪಾದಕರೇ,

ಪುಣೆಯ ಗೃಹನಿರ್ಮಾಣ ಸೊಸೈಟಿಗಳಿಗೆ ಇದು ವಾರ್ಷಿಕ ಮಹಾಸಭೆಯ ಕಾಲ. ಸೆಪ್ಟೆಂಬರ್ 30ರೊಳಗೆ ಸಭೆ ಮುಗಿಯಬೇಕು, ಅದಕ್ಕೆ 14 ದಿನ ಮೊದಲೇ ವಿಷಯಪಟ್ಟಿ ಸದಸ್ಯರ ಕೈ ಸೇರಬೇಕು. ಇದೆಲ್ಲ ಮುಗಿದು ಕೆಲವೇ ವಾರಗಳಲ್ಲಿ, ಸಾಮಾನ್ಯವಾಗಿ ದಸರೆ ದೀಪಾವಳಿಯ ಆಸುಪಾಸಿನಲ್ಲಿ, ನೀರಿನ ಟ್ಯಾಂಕಿನ ಅಡಿಗೆ, ಎಂಟನೆಯ ಮಹಡಿಯ ಸಜ್ಜದ ಕೆಳಗೆ ಹೆಜ್ಜೇನು ಬಂದು ಕೂರುತ್ತದೆ. ಮರುದಿನವೇ ಯಾರೋ ಪೆಸ್ಟ್ ಕಂಟ್ರೋಲ್‌ನವರಿಗೆ ಫೋನ್ ಮಾಡುತ್ತಾರೆ. ಕೋಥ್ರೂಡ್, ಹಡಪ್ಸರ್, ವಾಕಡ್, ಚಿಂಚವಡಗಳ ಸೊಸೈಟಿ ಕಮಿಟಿಗಳಲ್ಲಿ ಕನ್ನಡಿಗರು ಸಾಕಷ್ಟು ಮಂದಿ ಇದ್ದಾರೆ. ವಿಷಯಪಟ್ಟಿ ಅಂತಿಮವಾಗುವ ಮೊದಲು ಈ ಪತ್ರ ಅವರ ಕಣ್ಣಿಗೆ ಬೀಳಲಿ ಎಂಬುದು ನಮ್ಮ ಆಸೆ.

ಟೆರೇಸಿನಲ್ಲಿ ಎಲ್ಲರೂ ಸೇರಿ ಜೇನು ಸಾಕುವ ಉತ್ಸಾಹ ನಗರದಲ್ಲಿ ಹೆಚ್ಚುತ್ತಿದೆ. ಇದು ಸಂತೋಷದ ಸಂಗತಿ. ಆದರೆ ಬಹಳ ಕಡೆ ಕೆಲಸ ಹಿಂದುಮುಂದಾಗಿ ನಡೆಯುತ್ತಿದೆ. ಪೆಟ್ಟಿಗೆ ಮೊದಲು ಬರುತ್ತದೆ, ತೋಟಕ್ಕೆ ಯಾವ ಔಷಧ ಹೊಡೆಯುತ್ತಿದ್ದೇವೆ ಎಂದು ನೋಡುವುದು ಜೇನುನೊಣ ಸತ್ತ ಮೇಲೆ. ತುಡುವೆ ಜೇನು, ಅಂದರೆ ಇಲ್ಲಿಯವರು ಸಾತೇರಿ ಅನ್ನುವ ಜೇನು, ಮೇವಿಗಾಗಿ ಸುಮಾರು ಒಂದರಿಂದ ಒಂದೂವರೆ ಕಿಲೋಮೀಟರ್ ದೂರ ಹೋಗಿಬರುತ್ತದೆ. ನಿಮ್ಮ ಕಾಂಪೌಂಡಿನ ದಾಸವಾಳ ಅದಕ್ಕೆ ಮನೆಯಂಗಳ. ಆ ದಾಸವಾಳಕ್ಕೆ ತೋಟ ನೋಡಿಕೊಳ್ಳುವ ಮಾಳಿ ಏನು ಹೊಡೆಯುತ್ತಾನೆ ಎಂಬುದು ಗೊತ್ತಿಲ್ಲದೆ ಮಹಡಿಯ ಮೇಲೆ ಪೆಟ್ಟಿಗೆ ಇಡುವುದು ಸರಿಯಲ್ಲ.

ಮಾಳಿಯ ಗೂಡಿನಲ್ಲಿ ಸಾಮಾನ್ಯವಾಗಿ ಸಿಗುವ ಬಾಟಲಿಗಳು ಎರಡೋ ಮೂರೋ: ಇಮಿಡಾಕ್ಲೋಪ್ರಿಡ್, ರೋಗರ್ ಎಂದೇ ಎಲ್ಲರೂ ಕರೆಯುವ ಡೈಮೆಥೊಯೇಟ್, ಗೆದ್ದಲಿಗೆಂದು ತಂದ ಕ್ಲೋರ್‌ಪೈರಿಫಾಸ್. ಮೂರೂ ಜೇನುನೊಣಕ್ಕೆ ಕಡು ವಿಷ. ಇಮಿಡಾಕ್ಲೋಪ್ರಿಡ್ ಹೊಟ್ಟೆಗೆ ಹೋದ ನೊಣಗಳಲ್ಲಿ ಅರ್ಧದಷ್ಟು ಸಾಯಲು ನೊಣವೊಂದಕ್ಕೆ ಸುಮಾರು 4 ನ್ಯಾನೋಗ್ರಾಂ ಸಾಕು. 15 ಲೀಟರ್ ಪಂಪಿಗೆ 5 ಮಿಲಿಲೀಟರ್ ಬೆರೆಸಿದರೆ ಅದರಲ್ಲಿ ಹೆಚ್ಚುಕಡಿಮೆ 1 ಗ್ರಾಂ ವಿಷ ಇರುತ್ತದೆ. ಲೆಕ್ಕ ಹಾಕಿದರೆ 25 ಕೋಟಿ ನೊಣಗಳ ಪಾಲು. ಅಷ್ಟೂ ನೊಣದ ಹೊಟ್ಟೆ ಸೇರುವುದಿಲ್ಲ, ನಿಜ. ಆದರೆ ಇದು ಎಲೆಯ ಮೇಲಷ್ಟೇ ಉಳಿಯುವ ಔಷಧವೂ ಅಲ್ಲ. ಬುಡಕ್ಕೆ ಸುರಿದರೆ ಬೇರು ಹೀರಿಕೊಂಡು ಗಿಡದ ರಸದಲ್ಲೆಲ್ಲ ಹರಿಯುತ್ತದೆ, ವಾರಗಟ್ಟಲೆ, ಕೆಲವು ಗಿಡಗಳಲ್ಲಿ ತಿಂಗಳುಗಟ್ಟಲೆ, ಮಕರಂದದಲ್ಲೂ ಪರಾಗದಲ್ಲೂ ಬರುತ್ತದೆ. ಹೂವಿಲ್ಲದಾಗ ಹಾಕಿದ್ದೇವೆ ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಸಾಯುವಷ್ಟು ಪ್ರಮಾಣ ಸಿಗದ ನೊಣ ದಾರಿ ತಪ್ಪುತ್ತದೆ, ಗೂಡಿಗೆ ಮರಳುವುದಿಲ್ಲ. ಯುರೋಪಿಯನ್ ಒಕ್ಕೂಟ ಇಮಿಡಾಕ್ಲೋಪ್ರಿಡ್, ಕ್ಲೋಥಿಯಾನಿಡಿನ್, ಥಯಾಮೆಥಾಕ್ಸಾಮ್ ಮೂರನ್ನೂ 2018ರಲ್ಲಿ ಬಯಲು ಬೆಳೆಗಳಿಗೆ ಬಳಸಬಾರದೆಂದು ನಿಷೇಧಿಸಿದ್ದು ಇದೇ ಕಾರಣಕ್ಕೆ. ನಮ್ಮಲ್ಲಿ ಇವು ಅಂಗಡಿಯಲ್ಲಿ ಸಲೀಸಾಗಿ ಸಿಗುತ್ತವೆ.

ಬಾಟಲಿಯ ಮೇಲಿನ ಬಣ್ಣದ ತ್ರಿಕೋನ ನೋಡಿ ಮೋಸ ಹೋಗುವವರೇ ಹೆಚ್ಚು. ಕೆಂಪು, ಹಳದಿ, ನೀಲಿ, ಹಸಿರು ಎಂಬ ಈ ಗುರುತು 1971ರ ಕೀಟನಾಶಕ ನಿಯಮಗಳ ಪ್ರಕಾರ ಹಾಕುವಂಥದ್ದು. ಇಲಿಯಂಥ ಪ್ರಾಣಿಗಳ ಮೇಲೆ ಮಾಡಿದ ಪರೀಕ್ಷೆಯಿಂದ ಮನುಷ್ಯನಿಗಿರುವ ಅಪಾಯವನ್ನು ಅಳೆದು ಅದನ್ನು ನಿಗದಿ ಮಾಡುತ್ತಾರೆ. ಜೇನುನೊಣಕ್ಕೂ ಅದಕ್ಕೂ ಸಂಬಂಧವಿಲ್ಲ. ನೀಲಿ ತ್ರಿಕೋನದ ಔಷಧವೂ ಇಡೀ ಜೇನು ಕುಟುಂಬವನ್ನು ಮುಗಿಸಬಲ್ಲದು. ಓದಬೇಕಾದ್ದು ಒಳಗಿನ ಚೀಟಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾದ ಜೇನುನೊಣದ ಎಚ್ಚರಿಕೆಯನ್ನು. ಇನ್ನೊಂದು ಮಾತು: ರೋಗದ ಔಷಧ ತಾನೇ, ಕೀಟದ್ದಲ್ಲವಲ್ಲ ಎಂದು ಶಿಲೀಂಧ್ರನಾಶಕವನ್ನು ಕೀಟನಾಶಕದ ಪಂಪಿಗೇ ಬೆರೆಸುವ ರೂಢಿ ಇದೆ. ಪ್ರೊಪಿಕೊನಜೋಲ್‌ನಂಥ ಕೆಲವು ಶಿಲೀಂಧ್ರನಾಶಕಗಳು ನೊಣದ ಮೈ ವಿಷವನ್ನು ಕರಗಿಸುವ ಶಕ್ತಿಯನ್ನೇ ಕಟ್ಟಿಹಾಕುತ್ತವೆ. ಆಗ ಜೊತೆಗಿರುವ ಪೈರೆಥ್ರಾಯ್ಡ್ ಕೀಟನಾಶಕದ ವಿಷ ಹಲವು ಪಟ್ಟು ಏರುತ್ತದೆ.

ಇನ್ನು ಹೆಜ್ಜೇನು. ಇದರ ಬಗ್ಗೆ ಹೆದರಿಕೆ ಸಹಜ, ಹೆದರಬೇಕಾದ ಜೇನೇ ಅದು. ಅದಕ್ಕೇ ಅದರ ರೀತಿ ತಿಳಿದಿರಬೇಕು. ಪೆಟ್ಟಿಗೆಯ ಜೇನಿನಂತೆ ಅದಕ್ಕೆ ಗೋಡೆ, ಮಾಡು ಇಲ್ಲ. ಒಂದೇ ದೊಡ್ಡ ಎರಿ, ಅಂದರೆ ಮೇಣದ ಹಲ್ಲೆ, ಬಯಲಿಗೆ ತೂಗುತ್ತಿರುತ್ತದೆ, ಅದರ ಮೇಲೆ ನೊಣಗಳೇ ಹಲವು ಪದರದ ಪರದೆಯಾಗಿ ಕೂತಿರುತ್ತವೆ. ಹಾಗಾಗಿ ಸಿಂಪಡಿಸಿದ ಔಷಧ ರಾಣಿ, ಮರಿ, ಜೇನುತುಪ್ಪ ಎಲ್ಲಕ್ಕೂ ಒಂದೇ ಏಟಿಗೆ ತಗಲುತ್ತದೆ. ರಾತ್ರಿ ಪೈರೆಥ್ರಾಯ್ಡ್ ಹೊಡೆದು, ಬೆಳಿಗ್ಗೆ ಕೆಳಗೆ ರಾಶಿ ಬಿದ್ದ ನೊಣಗಳನ್ನು ಗುಡಿಸಿ, ಎರಿಯ ತುಪ್ಪವನ್ನು ಹಿಂಡಿ ಬಾಟಲಿಗೆ ತುಂಬಿ ಮಾರುವವರಿದ್ದಾರೆ. ‘ನಮ್ಮ ಬಿಲ್ಡಿಂಗಿನ ಶುದ್ಧ ಜೇನು’ ಎಂದು ಅದನ್ನು ಮಕ್ಕಳಿಗೆ ನೆಕ್ಕಿಸಬೇಡಿ. ಔಷಧ ಬಿದ್ದ ಎರಿಯ ಮೇಣವೂ ತುಪ್ಪವೂ ವಿಷವೇ.

ಹಾಗೆ ಕೊಂದರೂ ಬಹುಪಾಲು ಕಡೆ ಮುಂದಿನ ವರ್ಷ ಅದೇ ಜಾಗಕ್ಕೆ ಹೆಜ್ಜೇನು ಬರುತ್ತದೆ. ಗೋಡೆಗೆ ಅಂಟಿದ ಹಳೆಯ ಮೇಣದ ವಾಸನೆ ಹೊಸ ಹಿಂಡನ್ನು ಕರೆಯುತ್ತದೆ. ಮಳೆ ಹಿಡಿಯುವ ಹೊತ್ತಿಗೆ ಹೆಜ್ಜೇನು ತಾನಾಗಿಯೇ ಎದ್ದು ಹೋಗುತ್ತದೆ. ಖಾಲಿಯಾದ ಮೇಲೆ ಲೋಹದ ಪಟ್ಟಿಯಿಂದ ಮೇಣವನ್ನು ಕೆರೆದು ತೆಗೆಯಬೇಕು, ಬಿಸಿನೀರು ಸೋಪಿನಿಂದ ಉಜ್ಜಿ ತೊಳೆದು, ಮಳೆ ನಿಂತ ಮೇಲೆ ಅಕ್ಟೋಬರ್ ಮೊದಲ ವಾರದೊಳಗೆ ಬಣ್ಣ ಬಳಿಸಬೇಕು. ಬೇಡವೇ ಬೇಡ ಅನ್ನಿಸುವ ಜಾಗಕ್ಕೆ, ಅಂದರೆ ಬಾಲ್ಕನಿಯ ಮೇಲ್ಭಾಗ ಅಥವಾ ಲಿಫ್ಟ್ ಕೋಣೆಯ ಕಿಟಕಿಗೆ, ಆಗಲೇ ಬಿಗಿಯಾಗಿ ಬಲೆ ಕಟ್ಟಿಸಿ. ಕಟ್ಟಡಕ್ಕೆ ಬಣ್ಣ ಹೊಡೆಸುವುದಿದ್ದರೂ ಅದೇ ಸಮಯ ನೋಡಿ. ಜನವರಿಯಲ್ಲಿ ಬಣ್ಣದವರ ತೂಗುವ ಅಟ್ಟಣೆ, ಜೂಲಾ, ಇಳಿಸಿ ಎರಿಯ ಪಕ್ಕ ಗ್ರೈಂಡಿಂಗ್ ಶುರು ಮಾಡಿದರೆ ಕೂಲಿಯವರ ಜೀವಕ್ಕೇ ಸಂಚಕಾರ.

ಹೆಜ್ಜೇನು ಇರುವ ತಿಂಗಳುಗಳಲ್ಲಿ ಕಚ್ಚಿಸಿಕೊಳ್ಳುವವರಲ್ಲಿ ಹಲವರು ರಾತ್ರಿ ಮನೆಯೊಳಗೇ ಕಚ್ಚಿಸಿಕೊಳ್ಳುತ್ತಾರೆ. ಬಿಳಿ ಟ್ಯೂಬ್‌ಲೈಟಿನ ಬೆಳಕಿಗೆ ನೊಣ ಒಳಗೆ ಬರುತ್ತದೆ, ಕಾಲಡಿಗೆ ಸಿಗುತ್ತದೆ. ಎರಿಯ ಬದಿಯ ಕಿಟಕಿಗೆ ಸೊಳ್ಳೆ ಜಾಲರಿ, ಸಂಜೆ ಪರದೆ, ಆ ಬದಿಯ ಹೊರಗಿನ ದೀಪಗಳಿಗೆ ಹಳದಿ ಬಲ್ಬು ಇಷ್ಟಾದರೆ ತೊಂದರೆ ಬಹಳ ಮಟ್ಟಿಗೆ ಇಳಿಯುತ್ತದೆ. ಹಗಲಿನ ದಾಳಿಗೆ ಕಾರಣ ಬಹುತೇಕ ಹೊಗೆ, ಪಟಾಕಿ, ಕಲ್ಲು, ಹದ್ದು. ಒಂದು ನೊಣ ಕಚ್ಚಿದರೆ ಆ ಜಾಗದಿಂದ ಹೊಮ್ಮುವ ವಾಸನೆಗೆ ಉಳಿದವು ಮುಗಿಬೀಳುತ್ತವೆ, ಹಾಗಾಗಿ ನಿಂತು ಕೈ ಬೀಸಬಾರದು. ಮುಖ ಮುಚ್ಚಿಕೊಂಡು ಓಡಿ ಬಾಗಿಲಿರುವ ಕೋಣೆ ಸೇರಬೇಕು. ಮುಳ್ಳನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಬೇಕು. ಉಸಿರು ಕಟ್ಟಿದರೆ, ತುಟಿ ನಾಲಗೆ ಊದಿದರೆ, ಹಲವು ಕಡೆ ಕಚ್ಚಿದ್ದರೆ ನೇರ ಆಸ್ಪತ್ರೆ. ಎರಿ ಶಾಲೆಯ ಬಾಗಿಲಿಗೋ ಓಡಾಡುವ ದಾರಿಯ ತಲೆಯ ಮೇಲೋ ಇದ್ದರೆ ತೆಗೆಸಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ತರಬೇತಿ ಪಡೆದವರಿಂದ, ಹೊಗೆ ಕೊಟ್ಟು, ಔಷಧವಿಲ್ಲದೆ. ಹೆಜ್ಜೇನನ್ನು ಪೆಟ್ಟಿಗೆಗೆ ತುಂಬಿ ಸಾಕುತ್ತೇವೆ ಎನ್ನುವವರನ್ನು ನಂಬಬೇಡಿ, ಅದು ಪೆಟ್ಟಿಗೆಯಲ್ಲಿ ನಿಲ್ಲುವ ಜೇನಲ್ಲ.

ಫಾಗಿಂಗ್ ಬಗ್ಗೆ ಮಹಾನಗರಪಾಲಿಕೆಗೆ ನಮ್ಮದೊಂದು ಕೋರಿಕೆ. ಡೆಂಗಿ ಹರಡಿದಾಗ ಮನುಷ್ಯರ ಜೀವವೇ ಮೊದಲು, ಇದರಲ್ಲಿ ನಮಗೆ ತಕರಾರಿಲ್ಲ. ಆದರೆ ಹೊಗೆ ಸಾಯಿಸುವುದು ಹಾರುವ ಸೊಳ್ಳೆಯನ್ನು ಮಾತ್ರ. ನೀರಿನಲ್ಲಿರುವ ಮರಿಗೆ ಅದು ಏನೂ ಮಾಡದು. ಡೆಂಗಿಯ ಸೊಳ್ಳೆ ಚುರುಕಾಗಿರುವುದು ಬೆಳಗಿನ ಹೊತ್ತು ಮತ್ತು ಸಂಜೆಗೆ ಮುನ್ನ, ಜೇನು ಮೇವಿಗೆ ಹೊರಗಿರುವ ಹೊತ್ತೂ ಅದೇ. ಬೆಳದಿಂಗಳಿದ್ದರೆ ಹೆಜ್ಜೇನು ರಾತ್ರಿಯೂ ಹಾರುತ್ತದೆ. ಆದ್ದರಿಂದ ‘ಜೇನಿಲ್ಲದ ಗಂಟೆ’ ಹುಡುಕುವುದಕ್ಕಿಂತ ಮುನ್ಸೂಚನೆ ಕೊಡುವುದೇ ದಾರಿ. ಯಾವ ವಾರ್ಡಿನಲ್ಲಿ ಯಾವ ದಿನ ಫಾಗಿಂಗ್ ಎಂದು ಒಂದು ದಿನ ಮೊದಲು ತಿಳಿಸಿದರೆ, ಪೆಟ್ಟಿಗೆ ಇಟ್ಟವರು ಬೆಳಕು ಹರಿಯುವ ಮುನ್ನ ಬಾಗಿಲಿಗೆ ತಂತಿ ಜಾಲರಿ ಸಿಕ್ಕಿಸಿ, ಒದ್ದೆ ಗೋಣಿ ಹೊದೆಸಿ, ಹೊಗೆ ಇಳಿದ ಮೇಲೆ ತೆಗೆಯಬಹುದು. ಗೋಣಿಯ ಬದಲು ಪ್ಲಾಸ್ಟಿಕ್ ಹೊದೆಸಿದರೆ, ಅಥವಾ ಬಿಸಿಲಲ್ಲಿ ಮುಚ್ಚಿಟ್ಟು ಮರೆತರೆ, ಗಾಳಿಯಾಡದೆ ಮೇಣ ಮೆತ್ತಗಾಗಿ ಎರಿ ಕಳಚಿ ಬಿದ್ದು ನೊಣಗಳು ತಮ್ಮ ತುಪ್ಪದಲ್ಲೇ ಮುಳುಗುತ್ತವೆ. ಹೊಗೆಗಿಂತ ಆ ಸಾವೇ ಬೇಗ. ಡೆಂಗಿ ಇಲ್ಲದ ದಿನಗಳಲ್ಲಿ ಸೊಸೈಟಿಯವರು ತೋರಿಕೆಗಾಗಿ ವಾರ ವಾರ ಹಾಕಿಸುವ ಹೊಗೆ ಪೂರ್ತಿ ನಿಲ್ಲಲಿ. ವಾರಕ್ಕೊಮ್ಮೆ ನೀರು ನಿಲ್ಲುವ ಕುಂಡ, ಟ್ರೇ, ಹಳೆ ಟೈರು ಖಾಲಿ ಮಾಡಿ. ಖಾಲಿ ಮಾಡಲಾಗದ ಕಾರಂಜಿಯ ನೀರಿಗೆ ಬಿಟಿಐ ಹಾಕಿ. ಅದು ಸೊಳ್ಳೆಯ ಮರಿಯನ್ನು ಕೊಲ್ಲುವ ಬ್ಯಾಕ್ಟೀರಿಯ, ಜೇನಿಗೆ ಅದರಿಂದ ತೊಂದರೆಯಿಲ್ಲ.

ಮಹಾಸಭೆಯಲ್ಲಿ ಬೇಕಾದ್ದು ಒಂದು ಸಣ್ಣ ಠರಾವು, ಅದರಂತೆ ಪೆಸ್ಟ್ ಕಂಟ್ರೋಲ್ ಮತ್ತು ಮಾಳಿ ಗುತ್ತಿಗೆಗಳಲ್ಲಿ ಕೆಲವು ಸಾಲು. ಹೊರಗಿನ ಗಿಡಮರಗಳಿಗೆ ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್, ಕ್ಲೋಥಿಯಾನಿಡಿನ್, ಫಿಪ್ರೊನಿಲ್, ಡೈಮೆಥೊಯೇಟ್, ಕ್ಲೋರ್‌ಪೈರಿಫಾಸ್ ಬಳಸುವಂತಿಲ್ಲ. ಹೂಬಿಟ್ಟ ಗಿಡಕ್ಕೆ ಯಾವ ಔಷಧವೂ ಇಲ್ಲ. ಏನೇ ಹೊಡೆಯುವುದಿದ್ದರೂ 48 ಗಂಟೆ ಮೊದಲು ಔಷಧದ ಹೆಸರು ಸಮೇತ ನೋಟೀಸ್ ಬೋರ್ಡಿನಲ್ಲಿ. ಕಮಿಟಿಯ ಲಿಖಿತ ಒಪ್ಪಿಗೆ ಇಲ್ಲದೆ ಜೇನುಗೂಡು ಮುಟ್ಟುವಂತಿಲ್ಲ. ಪೆಸ್ಟ್ ಕಂಟ್ರೋಲ್ ವ್ಯವಹಾರಕ್ಕೆ ಲೈಸೆನ್ಸ್ ಕಡ್ಡಾಯ, ತರಬೇತಿ ಪಡೆದ ಪದವೀಧರ ಇರಲೇಬೇಕೆಂದು ನಿಯಮವಿದೆ. ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ) ಅಂಥ ತರಬೇತಿ ಕೊಡುವ ಸಂಸ್ಥೆಗಳಲ್ಲಿ ಒಂದು. ಲೈಸೆನ್ಸಿನ ಪ್ರತಿ ಕೇಳಿ, ಕೇಳಿದರೆ ಯಾರಿಗೂ ಅವಮಾನವಿಲ್ಲ. 2017ರಲ್ಲಿ ಯವತಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧ ಹೊಡೆಯುತ್ತಿದ್ದ ರೈತರು, ಕೂಲಿಗಳು ವಿಷವೇರಿ ಸತ್ತದ್ದನ್ನು ಮಹಾರಾಷ್ಟ್ರ ಮರೆಯಬಾರದು. ಕೈಗವಸು, ಮಾಸ್ಕ್ ಇಲ್ಲದೆ ಪಂಪು ಹೊರುವ ಮಾಳಿಯ ಪ್ರಾಣವೂ ಈ ಸಾಲುಗಳಿಂದ ಉಳಿಯುತ್ತದೆ.

ಹಾಗಾದರೆ ದಾಸವಾಳದ ಹಿಟ್ಟುತಿಗಣೆಗೆ ಏನು ಮಾಡುವುದು? ಮುತ್ತಿಕೊಂಡ ತುದಿಗಳನ್ನು ಕತ್ತರಿಸಿ ಚೀಲದಲ್ಲಿ ಕಟ್ಟಿ ಎಸೆಯಿರಿ. ಉಳಿದದ್ದಕ್ಕೆ ಪೈಪಿನ ನೀರನ್ನು ರಭಸವಾಗಿ ಬಿಡಿ. ಆಮೇಲೆ ಲೀಟರ್ ನೀರಿಗೆ 5 ಮಿಲಿಲೀಟರ್ ಬೇವಿನ ಎಣ್ಣೆ, ಅದು ನೀರಿನಲ್ಲಿ ಬೆರೆಯುವಷ್ಟು ದ್ರವ ಸೋಪು ಹಾಕಿ ಸೂರ್ಯ ಮುಳುಗಿದ ಮೇಲೆ ಎಲೆಯ ಕೆಳಬದಿಗೆ ಹೊಡೆಯಿರಿ, ವಾರ ಬಿಟ್ಟು ಮತ್ತೊಮ್ಮೆ. ‘ಬೇವು ಹೊಡೆದರೂ ಹೋಗಲಿಲ್ಲ’ ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇರುವುದು ಟ್ಯಾಂಕರಿನ ಅಥವಾ ಬೋರಿನ ಗಡಸು ನೀರು. ಅದರಲ್ಲಿ ಸೋಪು ಒಡೆಯುತ್ತದೆ, ಎಣ್ಣೆ ಮೇಲೆ ತೇಲುತ್ತದೆ, ಪಂಪಿನಿಂದ ಮೊದಲು ಬರೀ ನೀರು ಬರುತ್ತದೆ, ಕೊನೆಗೆ ಬರೀ ಎಣ್ಣೆ ಬಂದು ಎಲೆ ಸುಡುತ್ತದೆ. ಪಾಲಿಕೆಯ ನಲ್ಲಿ ನೀರು ಬಳಸಿ, ಹೊಡೆಯುವಾಗ ಪಂಪು ಅಲುಗಾಡಿಸುತ್ತಿರಿ. ತಿಗಣೆಯನ್ನು ಹೊತ್ತು ಹರಡುವ ಇರುವೆಯ ಸಾಲನ್ನು ಕಾಂಡದಲ್ಲೇ ತಡೆಯದಿದ್ದರೆ ಏನು ಹೊಡೆದರೂ ವ್ಯರ್ಥ. ಬೇವಿನ ಎಣ್ಣೆಯೂ ನೊಣದ ಮೈಮೇಲೆ ನೇರ ಬಿದ್ದರೆ ಕೆಟ್ಟದ್ದೇ, ಸಂಜೆಯ ನಿಯಮ ಅದಕ್ಕೂ ಇದೆ.

ಇಷ್ಟು ಸರಿಮಾಡಿಕೊಂಡ ಸೊಸೈಟಿ ಧೈರ್ಯವಾಗಿ ಪೆಟ್ಟಿಗೆ ತರಬಹುದು. ಮೊದಲ ಬಾರಿಗೆ ನಮ್ಮ ಸಲಹೆ ಮುಜಂಟಿ ಎಂಬ ಪುಟ್ಟ ಜೇನು, ಮಲೆನಾಡಿನವರ ಮಿಸ್ರಿ. ಮುಳ್ಳು ಚುಚ್ಚುವುದಿಲ್ಲ, ಮಕ್ಕಳಿರುವ ಕಡೆ ನಿಶ್ಚಿಂತೆ. ವರ್ಷಕ್ಕೆ ಅರ್ಧ ಕೆಜಿ ತುಪ್ಪ ಸಿಕ್ಕರೆ ಅದೇ ದೊಡ್ಡದು, ಆದರೆ ಕೈತೋಟದ ಪರಾಗಸ್ಪರ್ಶಕ್ಕೆ ಅದು ಚೆನ್ನ. ತುಡುವೆಗೆ ಐಎಸ್‌ಐ ‘ಎ’ ಮಾದರಿಯ ಅಥವಾ ನ್ಯೂಟನ್ ಪೆಟ್ಟಿಗೆ ಸರಿ. ಅಗ್ಗಕ್ಕೆ ಸಿಕ್ಕಿತೆಂದು ಯುರೋಪಿನ ಮೆಲ್ಲಿಫೆರಾ ಜೇನಿನ ದೊಡ್ಡ ಪೆಟ್ಟಿಗೆಗೆ ತುಡುವೆ ಹಾಕಿದರೆ, ಕಾಯಲಾಗದಷ್ಟು ಖಾಲಿ ಜಾಗದಲ್ಲಿ ಮೇಣದ ಪತಂಗ ಸೇರಿ ಎರಿಯನ್ನು ಬಲೆಬಲೆ ಮಾಡುತ್ತದೆ, ಜೇನು ಬಿಟ್ಟು ಓಡುತ್ತದೆ. ಕುಟುಂಬ ಕೊಳ್ಳುವುದು ಅಕ್ಟೋಬರ್–ನವೆಂಬರಿನಲ್ಲಿ. ನಾಲ್ಕೈದು ಎರಿ ತುಂಬ ನೊಣ ಇರಬೇಕು. ಮೊಟ್ಟೆ, ಮರಿ, ಮುಚ್ಚಿದ ಕೋಶ ಮೂರೂ ಕಾಣಬೇಕು. ಊರಿಂದ, ಪುತ್ತೂರಿಂದಲೋ ಶಿರಸಿಯಿಂದಲೋ, ಪ್ರೀತಿಯಿಂದ ಬಸ್ಸಿನಲ್ಲಿ ಪೆಟ್ಟಿಗೆ ಹೊತ್ತು ತರಬೇಡಿ. ಥಾಯ್ ಸ್ಯಾಕ್‌ಬ್ರೂಡ್ ರೋಗ 1991–92ರಲ್ಲಿ ಕೇರಳ, ಕರ್ನಾಟಕಗಳ ತುಡುವೆಯನ್ನು ಹೇಳಹೆಸರಿಲ್ಲದಂತೆ ಮಾಡಿದ್ದು ನೆನಪಿರಲಿ. ಮರಿ ಕೋಶದಲ್ಲೇ ತಲೆಯೆತ್ತಿ ಸತ್ತು, ಚಿಮಟದಿಂದ ಎತ್ತಿದರೆ ನೀರು ತುಂಬಿದ ಸಣ್ಣ ಚೀಲದಂತೆ ಬಂದರೆ ಅದು ಆ ರೋಗ. ಇಲ್ಲಿಯ ಸಾತೇರಿಯನ್ನೇ ಇಲ್ಲಿಯ ಸಾಕಣೆದಾರರಿಂದ ಕೊಳ್ಳಿ.

ಹೊಸದಾಗಿ ತಂದ ಪೆಟ್ಟಿಗೆಗೆ ಮೊದಲ ಕೆಲವು ದಿನ ರಾಣಿ ಗೇಟು, ಅಂದರೆ ರಾಣಿ ಹೊರಹೋಗದಂತೆ ಬಾಗಿಲಿಗಿಡುವ ತಡೆ, ಹಾಕುತ್ತಾರೆ. ರಾಣಿ ಇನ್ನೂ ಗಂಡಿನ ಜೊತೆ ಕೂಡಿಲ್ಲದ ಹೊಸದಾಗಿದ್ದರೆ ಗೇಟು ಹಾಕಕೂಡದು. ಹೊರಗೆ ಹಾರಲಾಗದ ರಾಣಿಯಿಂದ ಬರೀ ಗಂಡು ಮೊಟ್ಟೆ ಹುಟ್ಟಿ ಕುಟುಂಬ ಅಳಿಯುತ್ತದೆ. ಟೆರೇಸಿನಲ್ಲಿ ಪೆಟ್ಟಿಗೆಯ ಮುಂದೆ ಆರಡಿ ಎತ್ತರದ ಹಸಿರು ಬಲೆ ಕಟ್ಟಿದರೆ ನೊಣಗಳು ಜನರ ತಲೆಯ ಮೇಲಿಂದ ಹಾರುತ್ತವೆ. ಏಪ್ರಿಲ್–ಮೇನಲ್ಲಿ ಕಾಂಕ್ರೀಟು ಕಾದು ಅಡಿಯಿಂದಲೂ ಶಾಖ ಹೊಡೆಯುತ್ತದೆ. ಎರಡಡಿ ಎತ್ತರದ ಸ್ಟ್ಯಾಂಡು, ಮೇಲೆ ಇನ್ನೊಂದು ಮಾಡು ಬೇಕೇ ಬೇಕು. ಹತ್ತಿರದಲ್ಲೇ ಬೆಣಚುಕಲ್ಲು ಹಾಕಿದ ತಟ್ಟೆಯಲ್ಲಿ ನೀರಿಡದಿದ್ದರೆ ನೆರೆಯವರ ಎಸಿ ಪೈಪಿಗೆ, ಈಜುಕೊಳಕ್ಕೆ ಹೋಗುತ್ತವೆ, ಜಗಳ ಶುರುವಾಗುವುದು ಅಲ್ಲಿಂದಲೇ. ಇರುವೆ ತಡೆಯಲು ಸ್ಟ್ಯಾಂಡಿನ ಕಾಲಿಗೆ ಇಡುವ ನೀರಿನ ಬಟ್ಟಲಿಗೆ ಎರಡು ಹನಿ ಎಣ್ಣೆ ಬಿಡಿ, ಇಲ್ಲವಾದರೆ ಅದರಲ್ಲೇ ಸೊಳ್ಳೆ ಮರಿ ಆಗಿ, ಫಾಗಿಂಗ್ ಬೇಡವೆಂದ ನೀವೇ ಉತ್ತರ ಕೊಡಬೇಕಾಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೇವಿಲ್ಲ. ಸಕ್ಕರೆ ನೀರು ಸಮಪಾಲು ಕರಗಿಸಿ, ವಾರಕ್ಕೆ ಸುಮಾರು 200 ಮಿಲಿಲೀಟರ್, ಸಂಜೆ, ಪೆಟ್ಟಿಗೆಯ ಒಳಗೇ. ಹೊರಗೆ ಚೆಲ್ಲಿದರೆ ಬೇರೆ ಕುಟುಂಬ ದರೋಡೆಗೆ ಇಳಿಯುತ್ತದೆ. ಈ ಕೆಲಸಕ್ಕೆ ಇಬ್ಬರಾದರೂ ತರಬೇತಾದವರು ಬೇಕು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಜೇನು ಸಂಶೋಧನಾ ಮತ್ತು ತರಬೇತಿ ಸಂಸ್ಥೆ 1962ರಿಂದ ಪುಣೆಯಲ್ಲೇ, ಗಣೇಶಖಿಂಡ ರಸ್ತೆಯಲ್ಲಿದೆ. ಊರೆಲ್ಲ ಸುತ್ತಬೇಕಿಲ್ಲ.

ಜುನ್ನರ, ನಾರಾಯಣಗಾವದ ಕಡೆಯ, ಅಥವಾ ವಿಜಯಪುರದಲ್ಲಿ ಹೊಲವಿರುವ ಓದುಗರಿಗೆ ಒಂದು ಮಾತು. ಈರುಳ್ಳಿ ಬೀಜದ ಬೆಳೆ ಪೂರ್ತಿ ನೊಣಗಳನ್ನೇ ನಂಬಿದೆ, ಏಕೆಂದರೆ ಹೂವಿನ ಗಂಡುಭಾಗ ಮೊದಲು ಮಾಗುತ್ತದೆ, ಹೆಣ್ಣುಭಾಗ ಆಮೇಲೆ. ರಸ ಹೀರುವ ಸಣ್ಣ ಕೀಟ ಥ್ರಿಪ್ಸ್‌ಗೆ ಔಷಧ ಹೊಡೆಯುವುದನ್ನು ಹೂಬಿಡುವ ಮೊದಲೇ ಮುಗಿಸಿ. ನೂರಕ್ಕೆ ಹತ್ತು ಹೂ ಅರಳಿದಾಗ ಪೆಟ್ಟಿಗೆ ತನ್ನಿ. ಮೊದಲೇ ತಂದರೆ ನೊಣ ಬೇರೆ ಹೂವಿನ ರೂಢಿ ಹಿಡಿಯುತ್ತದೆ, ಈರುಳ್ಳಿ ಹೂ ಅವಕ್ಕೆ ಅಷ್ಟು ರುಚಿಯದ್ದಲ್ಲ.

ಕೊನೆಯದಾಗಿ, ಪೆಟ್ಟಿಗೆಯ ಮುಂದೆ ನೊಣ ಸತ್ತು ಬಿದ್ದಾಗ ಕಾರಣ ಗುರುತಿಸುವುದು. ನಾಲಗೆ ಹೊರಚಾಚಿ, ರೆಕ್ಕೆ ಬಿಚ್ಚಿಕೊಂಡು ಸತ್ತಿದ್ದರೆ, ಬದುಕಿರುವವು ನಡುಗುತ್ತ ನೆಲದಲ್ಲಿ ಸುತ್ತುತ್ತಿದ್ದರೆ ಔಷಧದ ಅನುಮಾನ ಗಟ್ಟಿ. ತಲೆ ಕೋಶದೊಳಗೆ ತೂರಿಕೊಂಡು ಸತ್ತಿದ್ದರೆ ಅದು ಹಸಿವು. ರಾಶಿಯೇ ಇಲ್ಲದೆ, ರಾಣಿ, ಮರಿ, ತುಪ್ಪ ಇದ್ದೂ ಮೇವಿಗೆ ಹೋಗುವ ನೊಣಗಳು ದಿನೇ ದಿನೇ ಕರಗುತ್ತಿದ್ದರೆ ಇಮಿಡಾಕ್ಲೋಪ್ರಿಡ್ ಜಾತಿಯ ಔಷಧವನ್ನು ಶಂಕಿಸಬೇಕು. ಅಂದೇ ಫೋಟೋ ತೆಗೆದು, ಸತ್ತ ನೊಣಗಳನ್ನು ಎರಡು ಮುಷ್ಟಿಯಷ್ಟು ಶುಚಿಯಾದ ಗಾಜಿನ ಬಾಟಲಿಗೆ ಹಾಕಿ, ದಿನಾಂಕ ಬರೆದು ಫ್ರೀಜರಿನಲ್ಲಿಡಿ. ಬಿಸಿಲಲ್ಲಿ ಎರಡು ದಿನ ಬಿದ್ದ ನೊಣದಲ್ಲಿ ವಿಷ ಒಡೆದುಹೋಗುತ್ತದೆ, ಪ್ರಯೋಗಾಲಯಕ್ಕೆ ಏನೂ ಸಿಗುವುದಿಲ್ಲ. ಕೀಟನಾಶಕ ಕಾಯ್ದೆ 1968ರಿಂದ ಇದೆ. ಆದರೂ ಸತ್ತ ಜೇನಿನ ಮಾದರಿಯನ್ನು ಸ್ವೀಕರಿಸಿ, ಪರೀಕ್ಷೆ ಮಾಡಿಸಿ, ಸಾಕಣೆದಾರನಿಗೆ ಲಿಖಿತ ವರದಿ ಕೊಡುವ ಒಂದು ಮೇಜು ಜಿಲ್ಲಾ ಕೃಷಿ ಕಚೇರಿಯಲ್ಲಿ ಇರಲಿ, ಫಾಗಿಂಗ್ ವೇಳಾಪಟ್ಟಿ ವಾರ್ಡ್ ಕಚೇರಿಯ ಗೋಡೆಯ ಮೇಲೆ ಇರಲಿ. ಸರ್ಕಾರಕ್ಕೂ ಪಾಲಿಕೆಗೂ ನಾವು ಕೇಳುತ್ತಿರುವುದು ಇವೆರಡನ್ನೇ.

ಇಂತಿ,
ಪುಣೆಯಲ್ಲಿ ಜೇನು ಸಾಕುವ ಕೆಲವು ಕನ್ನಡಿಗರು